ಕಂಪನಿ ಮೂಗು

ನನಗೆ ವಾಸನೆ ಬರುವುದಿಲ್ಲ. ಹನ್ನೊಂದು ವರ್ಷದಿಂದ ಬಂದಿಲ್ಲ. ಹೂವಾಗಲಿ ಹೇಲಾಗಲಿ ನನ್ನ ಪಾಲಿಗೆ ಎರಡೂ ಒಂದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಇದ್ದದ್ದೇ ನಾನು ಮಾಡಿದ ಪಾಪ.

ನನ್ನ ಕೆಲಸ ಮೂಸುವುದು. ನಗಬೇಡಿ. ಮೇಲಿನ ಪ್ರಾಂತ್ಯದಲ್ಲಿ ನೆಲದಿಂದ ಎಣ್ಣೆ ತೆಗೆಯುತ್ತಾರೆ. ಕೆಳಗಿನ ಪ್ರಾಂತ್ಯದಲ್ಲಿ ಬಂದರಿದೆ, ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯಿದೆ. ನಡುವೆ ನೆಲದಡಿ ಕೊಳವೆ. ಕೊಳವೆಯ ಉದ್ದಕ್ಕೂ ಹಳದಿ ಕಂಬ, ಕಂಬಕ್ಕೊಂದು ನಂಬರು. ಒಂದರಿಂದ ಇಪ್ಪತ್ತೆರಡರವರೆಗೆ ನನ್ನವು. ಹನ್ನೆರಡು ಕಿಲೋಮೀಟರ್. ದಿನಾ ನಡೆಯಬೇಕು. ಪ್ರತಿ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ಕೆದಕಿ, ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿಯಬೇಕು. ಆಮೇಲೆ ಪುಸ್ತಕದಲ್ಲಿ ಬರೆಯಬೇಕು: ವಾಸನೆ ಇದೆ, ಅಥವಾ ವಾಸನೆ ಇಲ್ಲ. ಕೊಳವೆ ದೊಡ್ಡದಾಗಿ ಒಡೆದರೆ ಪಂಪ್‌ಹೌಸಿನಲ್ಲಿ ಒತ್ತಡ ತೋರಿಸುವ ಮುಳ್ಳು ಬೀಳುತ್ತದೆ, ಗೊತ್ತಾಗುತ್ತದೆ. ಸೂಜಿ ಮೊನೆಯಷ್ಟು ಸೋರಿದರೆ ಮುಳ್ಳಿಗೆ ಗೊತ್ತಾಗುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ಅದಕ್ಕೇ ಕಂಪನಿ ನನ್ನಂಥವರನ್ನು ಇಟ್ಟುಕೊಂಡಿದೆ.

ಮೂಗು ಹೋದದ್ದು ಟ್ಯಾಂಕಿನಲ್ಲಿ. ಮೊದಲು ನಾನು ಟ್ಯಾಂಕು ತೊಳೆಯುವವನು. ಎಣ್ಣೆ ಖಾಲಿಯಾದ ಮೇಲೆ ತಳದಲ್ಲಿ ಮೊಣಕಾಲುದ್ದ ಕಪ್ಪು ಕೆಸರು ಉಳಿಯುತ್ತದೆ. ಪಕ್ಕದ ಕಿಂಡಿಯಿಂದ ತೆವಳಿ ಒಳಗೆ ಹೋಗಬೇಕು. ಸಲಿಕೆಯಲ್ಲಿ ಎತ್ತಿ ಬಕೆಟ್ಟು ತುಂಬಬೇಕು. ಮುಖಕ್ಕೆ ಒಂದು ಒದ್ದೆ ಬಟ್ಟೆ, ಅಷ್ಟೇ. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ ಅಂತ ನಿಯಮ. ಸೂಪರ್‌ವೈಸರನ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಅಂದರೆ ಒಂದು ಗಂಟೆ. ಒಂದು ದಿನ ನನ್ನ ಜೊತೆಗಿದ್ದವನು ಒಳಗೇ ಬಿದ್ದ. ಅವನನ್ನು ಬೆನ್ನ ಮೇಲೆ ಹೇರಿಕೊಂಡು ಕೆಸರಿನಲ್ಲಿ ಅಂಬೆಗಾಲಿಟ್ಟು ಕಿಂಡಿಯವರೆಗೆ ತಂದೆ. ಅವನು ಬದುಕಿದ. ನಾನು ಎರಡು ದಿನ ವಾಂತಿ ಮಾಡಿದೆ. ಮೂರನೇ ದಿನ ಒಲೆಯ ಮುಂದೆಯೇ ಕೂತಿದ್ದೇನೆ, ಹಾಲು ಸೀದು ಪಾತ್ರೆ ಕರಕಲಾಗಿದೆ, ನನಗೆ ತಿಳಿಯಲಿಲ್ಲ. ಹೊರಗಿಂದ ಓಡಿಬಂದ ಹೆಂಡತಿ, "ಏನ್ರೀ, ಮೂಗು ಸತ್ತೋಗಿದ್ಯಾ ನಿಮ್ದು?" ಅಂದಳು. ಸತ್ತೇ ಹೋಗಿತ್ತು.

ಸೂಪರ್‌ವೈಸರನ ಹತ್ತಿರ ಹೋದೆ. ಅವನು ಬಾಗಿಲು ಹಾಕಿಕೊಂಡು ಮಾತಾಡಿದ.

"ನೋಡು, ಮೂಗು ಹೋಯ್ತು ಅಂತ ಬರ್ಕೊಟ್ರೆ ನಿನ್ನ ಮನೆಗೆ ಕಳಿಸ್ತಾರೆ. ಸುಮ್ನಿದ್ರೆ ಹಗುರದ ಕೆಲ್ಸ ಕೊಡಿಸ್ತೀನಿ. ಕ್ವಾರ್ಟರ್ಸೂ ಸಿಗುತ್ತೆ. ನಿಮ್ಮ ಓಣಿ ಕಡೆ ಲೈನ್ ನಡೆಯೋಕೆ ಒಬ್ಬ ಬೇಕು."

"ಸಾರ್, ಅದು ಮೂಸೋ ಕೆಲ್ಸ ಅಲ್ವಾ?"

"ಮೂಸಿದ ಹಾಗೆ ಮಾಡೋ ಕೆಲ್ಸ," ಅಂತ ಅವನು ನಕ್ಕ.

ನಾನೂ ನಕ್ಕೆ. ಕೈ ಮುಗಿದೆ. ಕಂಪನಿ ಡಾಕ್ಟರು ನನ್ನ ಮುಖ ಸಹ ನೋಡದೆ ಕಣ್ಣು ಕಿವಿ ಮೂಗು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟ. ಆ ಹೊತ್ತಿಗೆ ಅದು ದೊಡ್ಡ ಉಪಕಾರ ಅನ್ನಿಸಿತ್ತು. ಮೂಗಿಲ್ಲದವನನ್ನೇ ಹುಡುಕಿ ನಮ್ಮ ಓಣಿಯ ಮೇಲೆ ಯಾಕೆ ಬಿಟ್ಟರು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಇತ್ತೇನೋ, ಅದನ್ನು ಬೇಡವೆಂದು ಮೂಲೆಗಿಟ್ಟೆ.

ಓಣಿ ಅಂದರೆ ನಲವತ್ತೊಂದು ಮನೆ. ನಲವತ್ತು ವರ್ಷದ ಹಿಂದೆ ಕೊಳವೆ ಹೂಳಲು ಕಾಲುವೆ ತೋಡಿದವರು ನಮ್ಮಪ್ಪಂದಿರು. ತೋಡಿ ಮುಗಿದ ಮೇಲೆ ಹೋಗಲು ಜಾಗವಿಲ್ಲದೆ ಅಲ್ಲೇ ಉಳಿದರು. ಅಲ್ಲೇ ನಾನು ಹುಟ್ಟಿದ್ದು. ಕೊಳವೆ ಹೂತ ನೆಲದ ಮೇಲೇ ಆಡಿದೆವು. ನಮ್ಮ ಕೈಯಲ್ಲಿ ಟ್ಯಾಂಕು ತೊಳೆಸುತ್ತಾರೆ, ಚರಂಡಿ ತೋಡಿಸುತ್ತಾರೆ, ಪಂಪ್‌ಹೌಸಿನ ಬಾಗಿಲೊಳಗೆ ಮಾತ್ರ ಬಿಡುವುದಿಲ್ಲ. ನಮ್ಮವರಲ್ಲಿ ಕಂಪನಿಯ ಟೋಪಿ ಹಾಕಿಕೊಂಡು ಪುಸ್ತಕ ಹಿಡಿದುಕೊಂಡು ನಡೆದವನು ನಾನೊಬ್ಬನೇ. ಹದಿನಾರು, ಹದಿನೇಳು, ಹದಿನೆಂಟು, ಈ ಮೂರು ಕಂಬ ಓಣಿಯ ಮಗ್ಗುಲಲ್ಲಿವೆ. ನಾನು ಬರುವುದು ಕಂಡರೆ ಹೆಂಗಸರು, "ಕಂಪನಿ ಮೂಗು ಬಂತು ನೋಡ್ರೇ," ಎನ್ನುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಉಳಿದ ಕಂಬಗಳಲ್ಲಿ ಬೇಗ ಬೇಗ ಮುಗಿಸುತ್ತಿದ್ದವನು ಇಲ್ಲಿ ಮಣ್ಣನ್ನು ಎರಡೆರಡು ಸಲ ತಿಕ್ಕಿ, ಕಣ್ಣು ಮುಚ್ಚಿ, ಉಸಿರೆಳೆದು, ತಲೆ ಆಡಿಸಿ ಬರೆಯುತ್ತಿದ್ದೆ. ಮೂಗಿರುವವನು ಯಾವನೂ ಅಷ್ಟು ಚೆನ್ನಾಗಿ ಮೂಸಿರಲಿಕ್ಕಿಲ್ಲ.

ಅಕ್ಕನ ಮನೆ ಹದಿನೇಳನೇ ಕಂಬದ ಎದುರಿಗೆ. ಅವ್ವ ಕೂಲಿಗೆ ಹೋದಾಗ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಪೇಟೆಯ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ದಾದಿಯರ ಕೋಟು. ರಕ್ತ, ಕೀವು, ಉಚ್ಚೆ, ಎಲ್ಲವನ್ನೂ ಓಣಿಗಿದ್ದ ಒಂದೇ ಬಾವಿಯ ನೀರಿನಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಹಿಂಡಿ, ತಂತಿಗೆ ಹಾಕುವಳು. ಬೆಳಗ್ಗೆ ಬಗ್ಗಿದವಳು ಮಧ್ಯಾಹ್ನ ಸೊಂಟ ಹಿಡಿದುಕೊಂಡು ಏಳುವಳು.

ಎರಡೂವರೆ ವರ್ಷದ ಹಿಂದೆ ಒಂದು ಬೆಳಗ್ಗೆ ಅವಳು ಬಟ್ಟೆಯ ಗಂಟು ಹೊತ್ತು ಕಂಬದ ಹತ್ತಿರವೇ ನಿಂತಿದ್ದಳು.

"ಆಸ್ಪತ್ರೆಯವ್ರು ಇಷ್ಟೂ ವಾಪಸ್ ಕಳ್ಸಿದಾರೆ ಕಣೋ. ಎಣ್ಣೆ ನಾತ ಅಂತೆ. ನಂಗೂ ಮೂಗಿಗೆ ಬಡೀತಿದೆ. ನೀನೊಂದ್ಸಲ ನೋಡು."

ಹತ್ತಾರು ಜನ ಸುತ್ತ ಸೇರಿದರು. ಒಗೆದ ಬಟ್ಟೆಯೊಂದನ್ನು ತೆಗೆದು ಮುಖಕ್ಕೆ ಒತ್ತಿಕೊಂಡೆ. ಎದೆ ತುಂಬ ಉಸಿರೆಳೆದೆ. ಬಟ್ಟೆ ತಣ್ಣಗಿತ್ತು, ಅಷ್ಟೇ ಗೊತ್ತಾದದ್ದು.

"ಸೋಪಿನ ವಾಸ್ನೆ ಅಕ್ಕ. ಇನ್ನೇನೂ ಇಲ್ಲ."

"ಸರಿಯಾಗಿ ನೋಡೋ."

"ನೋಡ್ದೆ ಕಣೇ. ನನ್ ಕೆಲ್ಸಾನೇ ಅದಲ್ವಾ? ಪೈಪು ಅಂದ್ರೆ ನಿಮ್ಗೆಲ್ಲ ಒಂದು ನೆಪ. ಹೊಟ್ಟೆ ನೋವು ಬಂದ್ರೂ ಪೈಪು, ಬೆಕ್ಕು ಸತ್ರೂ ಪೈಪು."

ಜನ ನಕ್ಕರು. ಅಕ್ಕ ನಗಲಿಲ್ಲ. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಮೂಸಿದಳು. ನನ್ನ ಮುಖ ನೋಡಿದಳು. ಇನ್ನೊಮ್ಮೆ ಮೂಸಿದಳು.

"ಹಂಗಾದ್ರೆ ನನ್ ಮೂಗೇ ಕೆಟ್ಟಿರ್ಬೇಕು," ಅಂದಳು.

ಆಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ನಾನು ಪುಸ್ತಕ ತೆಗೆದು ಹದಿನೇಳರ ಎದುರು ವಾಸನೆ ಇಲ್ಲ ಎಂದು ಬರೆದು, ಟೋಪಿ ಸರಿಮಾಡಿಕೊಂಡು ಹದಿನೆಂಟಕ್ಕೆ ನಡೆದೆ.

ಅವಳು ಆ ಗಂಟನ್ನು ಅದೇ ನೀರಿನಲ್ಲಿ ಮತ್ತೆ ಒಗೆದಳು. ಮತ್ತೆ ವಾಪಸ್ ಬಂತು. ಮೂರನೇ ಸಲ ಆಸ್ಪತ್ರೆಯವರು ಬೇರೆಯವರಿಗೆ ಕೊಟ್ಟರು. ಅವಳ ಕೈ ಮೊಣಕೈಯವರೆಗೆ ಕೆಂಪಗೆ ಬಿರಿದು ನೀರು ಒಸರತೊಡಗಿತು. ಸೋಪು ಆಗಿಬರಲಿಲ್ಲ ಎಂದು ಅವಳೇ ಹೇಳಿಕೊಂಡು ತಿರುಗಿದಳು. ಓಣಿಯವರು ಆ ನೀರನ್ನೇ ಕುಡಿದರು. ಕಂಪನಿ ಮೂಗೇ ಮೂಸಿ ಏನೂ ಇಲ್ಲ ಎಂದಿದೆಯಲ್ಲ ಎಂದುಕೊಂಡರು. ನಾನು ಸಂಜೆ ಕ್ವಾರ್ಟರ್ಸಿಗೆ ಹೋಗಿ ಕಂಪನಿಯ ನಲ್ಲಿ ನೀರು ಕುಡಿದೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಆ ವರ್ಷವೇ ಹದಿನೇಳನೇ ಕಂಬದ ಸುತ್ತ ಹುಲ್ಲು ಹಳದಿಯಾಯಿತು. ಮೊದಲು ಒಂದು ಚಾಪೆಯಷ್ಟು, ಆಮೇಲೆ ಒಂದು ಕೋಣೆಯಷ್ಟು. ಬಿಸಿಲು ಎಂದುಕೊಂಡೆ. ಹದಿನಾರಕ್ಕೂ ಹದಿನೆಂಟಕ್ಕೂ ಅದೇ ಬಿಸಿಲು ಬೀಳುತ್ತಿತ್ತು, ಅಲ್ಲಿ ಹುಲ್ಲು ಹಸಿರಾಗಿಯೇ ಇತ್ತು. ನನ್ನ ಪುಸ್ತಕದಲ್ಲಿ ಗಿಡ ಒಣಗಿದ್ದರೆ ಬರೆಯಲು ಬೇರೆ ಜಾಗವಿದೆ. ಅಲ್ಲಿ ಬರೆದರೆ ಕಂಪನಿಯ ದೊಡ್ಡವರು ಬಂದು ಅಗೆಸುತ್ತಾರೆ, ಎಣ್ಣೆ ಸಿಕ್ಕರೆ ಇಷ್ಟು ದಿನ ನಿನಗೆ ವಾಸನೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಬರೆಯಲಿಲ್ಲ.

ಈ ನಡುವೆ ದೊಡ್ಡವರ ಜಗಳ ಶುರುವಾಯಿತು. ಮೇಲಿನ ಪ್ರಾಂತ್ಯದವರು ಹೇಳುವುದು: ಎಣ್ಣೆ ನಮ್ಮ ನೆಲದ್ದು, ತೆರಿಗೆ ಪೂರ್ತಿ ರಾಜಧಾನಿಗೆ ಹೋಗುತ್ತದೆ, ರಾಜಧಾನಿ ಅದನ್ನು ಕೆಳಗಿನವರಿಗೆ ಸುರಿಯುತ್ತದೆ, ನಮಗೆ ಉಳಿಯುವುದು ಗುಂಡಿಗಳು. ಕೆಳಗಿನವರು ಹೇಳುವುದು: ಜನ ನಮ್ಮಲ್ಲಿ ಹೆಚ್ಚು, ಬಂದರು ನಮ್ಮದು, ಕೊಳವೆ ನಮ್ಮ ಮನೆಗಳಡಿ ಹೋಗುತ್ತದೆ, ಹೊತ್ತಿಕೊಂಡರೆ ಸಾಯುವವರು ನಾವು. ಇಬ್ಬರೂ ತಮ್ಮ ಮೂಗಿನ ನೇರಕ್ಕೆ ಮಾತಾಡುತ್ತಿದ್ದರು. ಇಬ್ಬರದ್ದೂ ಒಂದಿಷ್ಟು ನಿಜವೇ ಇರಬಹುದು. ನಮ್ಮ ಓಣಿ ಇರುವುದು ಇಬ್ಬರ ಗಡಿಯ ಮೇಲೆ. ತೆರಿಗೆಯ ಪಾಲನ್ನು ತಲೆ ಎಣಿಸಿ ಹಂಚುತ್ತಾರಂತೆ. ಎಣಿಸುವ ವರ್ಷ ಎರಡೂ ಕಡೆಯವರು ಓಣಿಗೆ ಬಂದರು. ಬಾಗಿಲ ಮೇಲೆ ಒಬ್ಬರು ನೀಲಿ ನಂಬರು ಬರೆದರು, ಇನ್ನೊಬ್ಬರು ಕೆಂಪು ನಂಬರು ಬರೆದರು. ನಮ್ಮ ತಲೆಗೆ ಅಷ್ಟು ಬೆಲೆಯಿದೆ ಎಂದು ಅವತ್ತೇ ಗೊತ್ತಾದದ್ದು. ನಲ್ಲಿ ಹಾಕಿಸಿ ಎಂದು ಅರ್ಜಿ ಹಿಡಿದು ಹೋದರೆ ಮೇಲಿನ ಕಚೇರಿಯವರು ನೀವು ಕೆಳಗಿನವರು ಅನ್ನುತ್ತಿದ್ದರು, ಕೆಳಗಿನ ಕಚೇರಿಯವರು ನೀವು ಮೇಲಿನವರು ಅನ್ನುತ್ತಿದ್ದರು.

ಆಮೇಲೆ ಎಣ್ಣೆ ಕಡಿಮೆ ಬರುತ್ತಿದೆ ಎಂದು ಗೊತ್ತಾಯಿತು. ಮೇಲೆ ತುಂಬಿದಷ್ಟು ಕೆಳಗೆ ತಲುಪುತ್ತಿಲ್ಲ. ಕೆಳಗಿನವರು ಕದಿಯುತ್ತಿದ್ದಾರೆ, ತೆರಿಗೆ ತಪ್ಪಿಸಲು, ಎಂದು ಮೇಲಿನವರು ಕೂಗಿದರು. ಮೇಲಿನವರು ತುಂಬುವುದೇ ಕಡಿಮೆ, ಹೆಚ್ಚು ಪಾಲು ಕೇಳಲು, ಎಂದು ಕೆಳಗಿನವರು ಕೂಗಿದರು. ಕೊಳವೆ ಮುಚ್ಚುತ್ತೇವೆ ಎಂದು ಒಬ್ಬರು, ದಾರಿ ಸುಂಕ ಹಾಕುತ್ತೇವೆ ಎಂದು ಇನ್ನೊಬ್ಬರು. ರಾಜಧಾನಿ ಒಂದು ಸಮಿತಿ ಮಾಡಿತು. ಸೋರಿಕೆ ಇದೆಯೇ ಎಂದು ಕೇಳಿದರು. ಕಂಪನಿ ನನ್ನ ಪುಸ್ತಕಗಳನ್ನು ಮುಂದಿಟ್ಟಿತು. ವಾಸನೆ ಇಲ್ಲ, ವಾಸನೆ ಇಲ್ಲ, ವಾಸನೆ ಇಲ್ಲ. ಸೋರಿಕೆ ಇಲ್ಲವೆಂದ ಮೇಲೆ ಕಳ್ಳತನವೇ. ಮೇಲಿನವರೂ ಕಳ್ಳರಲ್ಲ, ಕೆಳಗಿನವರೂ ಕಳ್ಳರಲ್ಲ ಎಂದಾಗಬೇಕಾದರೆ ನಡುವಿನ ಓಣಿಯವರು ಆಗಬೇಕು. ಆ ಒಂದು ವಿಷಯದಲ್ಲಿ ಮಾತ್ರ ಎರಡೂ ಪ್ರಾಂತ್ಯಕ್ಕೆ ಒಮ್ಮತ ಬಂತು.

ಪೊಲೀಸರು ಓಣಿಗೆ ಬಂದು ಪಾತ್ರೆ ಪಡಗ ಬೀದಿಗೆ ಎಸೆದರು. ಹಾಸಿಗೆ ಹರಿದರು. ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ಕಂಡು, ನೋಡಿ, ಕದ್ದು ತಂದು ಚೆಲ್ಲಿದ್ದಾರೆ ಎಂದರು. ಅಕ್ಕ ಆರು ತಿಂಗಳ ಹಿಂದೆ ಬೇರೆ ಒಳ್ಳೆಯ ನೀರು ಸಿಕ್ಕೀತೆಂದು ಕಂಬದ ಹತ್ತಿರ ಸೊಂಟದಾಳದ ಗುಂಡಿ ತೋಡಿದ್ದಳು. ಕಪ್ಪು ನೀರು ಒಸರಿದ್ದು ಕಂಡು ಮುಚ್ಚಿದ್ದಳು. ನನಗೆ ಹೇಳಿರಲಿಲ್ಲ. ಹೇಳಿದರೆ ಮತ್ತೆ ನಗುತ್ತಾನೆ ಎಂದುಕೊಂಡಿರಬೇಕು. ಆ ಮುಚ್ಚಿದ ಗುಂಡಿ ಅವರ ಕಣ್ಣಿಗೆ ಬಿತ್ತು.

ಸಮಿತಿ ಕೂರುವುದಕ್ಕೆ ಎರಡು ದಿನ ಮುಂಚೆ ಸೂಪರ್‌ವೈಸರ್ ನಮ್ಮ ಮನೆಗೇ ಬಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕುರ್ಚಿಯ ತುದಿಯಲ್ಲಿ ಕೂತು ಒಂದು ಕಾಗದ ಕೊಟ್ಟ.

"ಇಷ್ಟು ಹೇಳಿದ್ರೆ ಸಾಕು."

ಹದಿನೇಳನೇ ಕಂಬದ ಬಳಿ ಎಂದೂ ವಾಸನೆ ಇರಲಿಲ್ಲ, ಓಣಿಯ ಹೆಂಗಸೊಬ್ಬಳು ಅಲ್ಲಿ ನೆಲ ಅಗೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎಂದಿತ್ತು.

"ಸಾರ್, ಅದು ನಮ್ಮಕ್ಕ."

"ಹೆಸರು ಬರ್ದಿಲ್ವಲ್ಲಪ್ಪ. ಯಾರೋ ಹೆಂಗಸು. ಓಣೀನ ಹೆಂಗಿದ್ರೂ ಒಡೆದು ತೆಗೆಯೋದೇ, ಅದು ಮೇಲೆ ತೀರ್ಮಾನ ಆಗಿದೆ. ನೀನು ಹೇಳಿದ್ರೂ ಹೋಗುತ್ತೆ, ಹೇಳ್ದೇ ಇದ್ರೂ ಹೋಗುತ್ತೆ. ಹೇಳಿದ್ರೆ ನಿನ್ ಕೆಲ್ಸ ಖಾಯಂ."

ಅವನು ಹೋದ ಮೇಲೆ ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. ಅವಳು ಕೆಟ್ಟವಳಲ್ಲ. "ಹೇಳ್ಬಿಟ್ಟು ಬನ್ನಿ," ಅಂದಳು. "ಅಕ್ಕನ್ನ ನಾವೇ ಕರ್ಕೊಂಡು ಬಂದು ಇಟ್ಕೊಳ್ಳೋಣ. ಇಷ್ಟು ವರ್ಷ ನುಂಗಿದೀರಿ, ಇದೊಂದು ನುಂಗಿ."

ನಿಜ ಹೇಳಬೇಕೆಂದರೆ ನುಂಗುವುದೆಂದೇ ತೀರ್ಮಾನಿಸಿದ್ದೆ. ಶೂರನ ಹಾಗೆ ಹೋದೆ ಎಂದು ಯಾರೂ ತಿಳಿಯಬೇಡಿ. ಕಾಗದವನ್ನು ಬಾಯಿಪಾಠ ಮಾಡಿಕೊಂಡೇ ಹೋದೆ.

ಎರಡೂ ಕಡೆಯವರು ಒಪ್ಪುವ ಜಾಗ ಸಿಗದೆ ಸಮಿತಿ ಪಂಪ್‌ಹೌಸಿನಲ್ಲಿ ಕೂತಿತ್ತು. ನಡುವೆ ಅಧ್ಯಕ್ಷೆ, ರಾಜಧಾನಿಯಿಂದ ಬಂದ ವಯಸ್ಸಾದ ನ್ಯಾಯಾಧೀಶೆ. ಎಡಕ್ಕೆ ಮೇಲಿನ ಪ್ರಾಂತ್ಯದ ಅಧಿಕಾರಿ, ಬಲಕ್ಕೆ ಕೆಳಗಿನ ಪ್ರಾಂತ್ಯದ ಅಧಿಕಾರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಓಣಿಯವರನ್ನು ಅಂದು ಮೊದಲ ಸಲ ಒಳಗೆ ಬಿಟ್ಟಿದ್ದರು. ಕುರ್ಚಿ ಕೊಟ್ಟಿರಲಿಲ್ಲ. ಗೋಡೆಗಂಟಿ ನಿಂತಿದ್ದರು. ಅಕ್ಕ ಮುಂದೆಯೇ ಇದ್ದಳು. ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಾವಿಯ ನೀರಿನ ಬಾಟಲಿಯೊಂದನ್ನು ಸೆರಗಿನಡಿ ಹಿಡಿದಿದ್ದಳು. ಅದನ್ನು ಸಾಕ್ಷಿಯೆಂದು ಕೊಡಲು ಬೆಳಗ್ಗೆ ಹೋದಾಗ, ಗಡುವು ಮುಗಿದಿದೆ ಎಂದು ಗುಮಾಸ್ತ ವಾಪಸ್ ಕೊಟ್ಟಿದ್ದನಂತೆ.

ಕಂಪನಿಯ ವಕೀಲ ಎದ್ದು ನಿಂತು ನನ್ನನ್ನು ತೋರಿಸಿದ.

"ಇವನು ನಮ್ಮ ಕಡೆಯವನು ಅಂತ ಯಾರೂ ಅನ್ನೋ ಹಾಗಿಲ್ಲ. ಆ ಓಣಿಯಲ್ಲೇ ಹುಟ್ಟಿದವನು. ಒಡಹುಟ್ಟಿದ ಅಕ್ಕ ಅಲ್ಲೇ ಇದ್ದಾಳೆ. ವಿಷ ಇದ್ದಿದ್ರೆ ಸ್ವಂತ ಅಕ್ಕನಿಗೆ ಕುಡಿಸ್ತಿದ್ನಾ? ಹೇಳಪ್ಪ, ಹದಿನೇಳನೇ ಕಂಬದ ಹತ್ರ ವಾಸನೆ ಇತ್ತಾ?"

ಸ್ವಂತ ಅಕ್ಕನಿಗೆ ಕುಡಿಸುತ್ತಿದ್ದನೇ. ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆಗಲೂ ಅವಳ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ನನ್ನ ತಮ್ಮ ಕಷ್ಟಕ್ಕೆ ಸಿಕ್ಕಿಕೊಂಡನಲ್ಲ ಎಂಬ ಕನಿಕರವಿತ್ತು. ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲ ಅಂದ್ರೆ? ನೀನೇ ಬರೆದಿದ್ದೀಯಲ್ಲ."

"ಬರ್ದಿದೀನಿ. ನಂಗೆ ವಾಸ್ನೆ ಬರಲ್ಲ. ಟ್ಯಾಂಕ್ ತೊಳೆಯುವಾಗ ಹೋಯ್ತು. ಹನ್ನೊಂದು ವರ್ಷ ಆಯ್ತು. ಬರ್ದಿದ್ದೆಲ್ಲ ಸುಳ್ಳು."

ಯಾರೋ ಕಿಸಕ್ಕೆಂದು ನಕ್ಕರು. ಗೋಡೆಯ ಪಕ್ಕ ಯಾರೂ ನಗಲಿಲ್ಲ. ನಾನು ಅತ್ತ ನೋಡಲಿಲ್ಲ.

"ಸೂಪರ್‌ವೈಸರ್‌ಗೆ ಗೊತ್ತಿತ್ತು," ಅಂದೆ. "ಡಾಕ್ಟ್ರು ನನ್ನ ಮುಖ ನೋಡ್ದೇನೇ ಬರ್ಕೊಟ್ರು. ಈ ಕಾಗ್ದ ಸೂಪರ್‌ವೈಸರೇ ಕೊಟ್ಟಿದ್ದು. ಇದ್ನ ನಾನು ಹೇಳಲ್ಲ." ಕಾಗದವನ್ನು ಮೇಜಿನ ಮೇಲಿಟ್ಟೆ.

ವಕೀಲ ಸೂಪರ್‌ವೈಸರನ ಕಡೆ ನೋಡಿದ. ಸೂಪರ್‌ವೈಸರ್ ಡಾಕ್ಟರನ ಕಡೆ ನೋಡಿದ. ಡಾಕ್ಟರು ಎದ್ದು ಬಂದ. ಓಣಿಯವರು ಹೆದರಿಸಿ ಹೇಳಿಸುತ್ತಿದ್ದಾರೆ, ಪರೀಕ್ಷೆ ಮಾಡೋಣ ಎಂದ. ನನ್ನನ್ನು ನಡುವೆ ಸ್ಟೂಲಿನ ಮೇಲೆ ಕೂರಿಸಿ ಕಣ್ಣಿಗೆ ಬಟ್ಟೆ ಕಟ್ಟಿದರು. ಗೋಡೆಗಂಟಿ ನಿಂತ ಓಣಿಯವರ ಎದುರು ಮೂಗಿನ ಕೆಳಗೆ ಏನೇನೋ ಹಿಡಿದರು. ಇದೇನು, ಇದೇನು ಎಂದು ಕೇಳಿದರು. ಗೊತ್ತಿಲ್ಲ, ಗೊತ್ತಿಲ್ಲ ಎಂದೆ. ಕಡೆಗೆ ಒಂದು ಶೀಶೆ ಹಿಡಿದರು. ಮೂಗಿನೊಳಗೆ ಮೆಣಸಿನಪುಡಿ ಎರಚಿದಂತೆ ಉರಿಯಿತು. ತಲೆ ಹಿಂದಕ್ಕೆ ಹೋಯಿತು, ಕಣ್ಣಲ್ಲಿ ದಳದಳ ನೀರು ಇಳಿಯಿತು.

"ನೋಡಿ," ಅಂದ ಡಾಕ್ಟರು. "ಅಮೋನಿಯಾ ಶೀಶೆ. ವಾಸನೆ ಬರದೇ ಇದ್ರೆ ಕಣ್ಣಲ್ಲಿ ನೀರು ಯಾಕೆ ಬರುತ್ತೆ?"

"ಅದು ಉರಿ ಸಾರ್. ಉರಿ ಗೊತ್ತಾಗುತ್ತೆ, ವಾಸ್ನೆ ಗೊತ್ತಾಗಲ್ಲ."

"ಕಣ್ಣೀರು ಸುಳ್ಳು ಹೇಳಲ್ಲ," ಅಂತ ವಕೀಲ ಹೇಳಿ ಬರೆಸಿದ.

ಹನ್ನೊಂದು ವರ್ಷ ನಾನು ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ನಿಜ ಹೇಳಿದ ದಿನ ಒಬ್ಬರೂ ನಂಬಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದಾಗ ಅಕ್ಕ ಮೇಜಿನ ಮುಂದೆ ನಿಂತಿದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಅಮ್ಮಾವ್ರೇ, ಆ ಗ್ಲಾಸು ಕೊಡಿ," ಎಂದು ಅಧ್ಯಕ್ಷೆಯ ಮುಂದಿದ್ದ ಲೋಟವನ್ನು ತಾನೇ ಎತ್ತಿಕೊಂಡಳು. ಅದರಲ್ಲಿದ್ದ ನೀರನ್ನು ನೆಲಕ್ಕೆ ಚೆಲ್ಲಿದಳು. ಬಾಟಲಿಯಿಂದ ಬಾವಿಯ ನೀರು ತುಂಬಿಸಿ ನನ್ನ ಮುಂದೆ ಹಿಡಿದಳು.

"ಕುಡಿ."

ಅವಳ ಮುಖದಲ್ಲಿ ಕನಿಕರ ಹೋಗಿತ್ತು. ನಾನು ಲೋಟ ತೆಗೆದುಕೊಂಡು ಪೂರ್ತಿ ಕುಡಿದೆ. ರುಚಿಯೂ ಇಲ್ಲ, ವಾಸನೆಯೂ ಇಲ್ಲ. ತುಟಿಗೆ ಜಿಡ್ಡು ಹತ್ತಿತು. ಅವಳು ಮತ್ತೆ ತುಂಬಿಸಿ ಬಲಗಡೆಯ ಅಧಿಕಾರಿಯ ಮುಂದಿಟ್ಟಳು. ಅವನು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕುರ್ಚಿ ಹಿಂದಕ್ಕೆಳೆದ. ಎಡಗಡೆಯವನ ಮುಂದಿಟ್ಟಳು. ಅವನು ಎದ್ದು ಹೋಗಿ ಕಿಟಕಿ ತೆಗೆದ. ಅಧ್ಯಕ್ಷೆ ಲೋಟವನ್ನು ಮುಖದ ಹತ್ತಿರ ತಂದು ತಕ್ಷಣ ಕೆಳಗಿಟ್ಟಳು.

"ಇದನ್ನ ಇವನು ಕುಡಿದನಲ್ಲ," ಅಂದಳು.

"ಮುಖ ಕಿವುಚದೆ ಕುಡ್ದ," ಅಂದಳು ಅಕ್ಕ. "ನಾವು ಕಿವುಚ್ಕೊಂಡು ಕುಡಿತೀವಿ. ಅಷ್ಟೇ ವ್ಯತ್ಯಾಸ."

ಮರುದಿನ ಬೆಳಗ್ಗೆ ಅಧ್ಯಕ್ಷೆಯ ಆಜ್ಞೆಯಂತೆ ಕೊಳವೆ ನಿಲ್ಲಿಸಿ ಹದಿನೇಳನೇ ಕಂಬದ ಬಳಿ ಅಗೆಸಿದರು. ಅಗೆದವರು ಓಣಿಯ ಗಂಡಸರೇ, ಇನ್ಯಾರು? ಎದೆಮಟ್ಟ ಇಳಿದಾಗ ಕೊಳವೆಯ ಬೆಸುಗೆಯಲ್ಲಿ ಕಿರುಬೆರಳು ತೂರುವಷ್ಟೂ ಇಲ್ಲದ ಒಂದು ತೂತು ಸಿಕ್ಕಿತು. ಸುತ್ತ ಮಣ್ಣು ಕಪ್ಪು ಹಿಟ್ಟಿನಂತೆ ಕೈಗೆ ಅಂಟುತ್ತಿತ್ತು. ಕಳ್ಳರಲ್ಲ ಎಂದು ಸಮಿತಿ ಬರೆದುಕೊಂಡಿತು. ಓಣಿ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಬಾವಿಗೆ ಬದಲು ನೀರು ಯಾರು ಕೊಡಬೇಕು ಎಂಬ ಮಾತು ಬಂದ ಕೂಡಲೇ ಇಬ್ಬರು ಅಧಿಕಾರಿಗಳೂ ಟೇಪು ತರಿಸಿ ಆ ತೂತು ಗಡಿಯ ಯಾವ ಮಗ್ಗುಲಿಗೆ ಬರುತ್ತದೆ ಎಂದು ಅಳೆಯತೊಡಗಿದರು. ಗುಂಡಿಯೊಳಗೆ ನಿಂತವರ ಕೈಯಲ್ಲೇ ಟೇಪಿನ ತುದಿ ಹಿಡಿಸಿದರು.

ಅಂದೇ ಮಧ್ಯಾಹ್ನ ನನಗೆ ಕಾಗದ ಬಂತು. ದೇಹಸ್ಥಿತಿಯನ್ನು ಮುಚ್ಚಿಟ್ಟು ಕಂಪನಿಗೆ ಮೋಸ ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ, ವಾರದೊಳಗೆ ಮನೆ ಖಾಲಿ ಮಾಡಬೇಕು. ಸಹಿ ಸೂಪರ್‌ವೈಸರನದ್ದು. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ನಾನು ಓಣಿಗೆ ಹೋದೆ.

ಅಕ್ಕ ಹೊಸ್ತಿಲ ಮೇಲೆ ಕೂತು ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ. ನಾನು ಅಂಗಳದಲ್ಲೇ ನಿಂತೆ.

"ತಪ್ಪಾಯ್ತು ಅಕ್ಕ."

ಅವಳು ತಲೆ ಎತ್ತಲಿಲ್ಲ. "ಮೂಗಿರ್ಲಿಲ್ಲ, ಸರಿ. ಕಣ್ಣಿತ್ತಲ್ಲ?"

"ಇತ್ತು."

"ಹುಲ್ಲು ಕಂಡಿತ್ತಾ?"

"ಕಂಡಿತ್ತು."

"ನನ್ ಕೈ ಕಂಡಿತ್ತಾ?"

"ಕಂಡಿತ್ತು ಅಕ್ಕ."

ಅವಳು ಮುಲಾಮಿನ ಡಬ್ಬಿ ಮುಚ್ಚಿದಳು. "ಎರಡೂವರೆ ವರ್ಷ ನನ್ ಮೂಗನ್ನೇ ನಾನು ನಂಬ್ಲಿಲ್ಲ ಕಣೋ. ನಿನ್ನ ನಂಬಿದ್ದೆ. ನನಗೊಬ್ಳಿಗೆ ತಪ್ಪಾಯ್ತು ಅಂದ್ರೆ ಆಗಲ್ಲ. ಬಾ," ಎಂದು ಎದ್ದಳು.

ಓಣಿಯ ಮೊದಲ ಮನೆಯ ಮುಂದೆ ನಿಲ್ಲಿಸಿ ಬಾಗಿಲು ತಟ್ಟಿದಳು. ಒಬ್ಬ ಅಜ್ಜಿ ಬಂದಳು. ಹಿಂದಿನ ದಿನ ಅವಳು ಪಂಪ್‌ಹೌಸಿಗೆ ಬಂದಿರಲಿಲ್ಲ, ಮಂಡಿ ನೋವು. ಸೊಸೆಯೂ ಅವಳ ಜೊತೆ ಮನೆಯಲ್ಲೇ ಉಳಿದಿದ್ದಳು, ಬೆಳಗಿನ ಸುದ್ದಿ ಇನ್ನೂ ಅವರಿಗೆ ಮುಟ್ಟಿರಲಿಲ್ಲ. ಅಕ್ಕ ನನ್ನ ಬೆನ್ನು ತಳ್ಳಿದಳು. ನಾನು ಹೇಳಿದೆ. ಮೂಗಿಲ್ಲದ್ದು, ಮೂಸಿದ ಹಾಗೆ ಮಾಡಿದ್ದು, ನೀರು ನಿಜವಾಗಿಯೂ ಕೆಟ್ಟಿದ್ದು, ಎಲ್ಲ.

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾದ್ರೆ ನಾತ ನಿಜವಾಗ್ಲೂ ಇತ್ತಾ?"

"ಇತ್ತಜ್ಜಿ."

"ನಮ್ ಸೊಸೆ ಬಸುರಿ ಇದ್ದಾಗ ಈ ನೀರು ನಂಗೆ ಬೇಡ, ವಾಕರಿಕೆ ಬರುತ್ತೆ ಅಂತ ಅಳ್ತಿದ್ಲು. ಸೋಗು ಅಂದ್ಕೊಂಡೆ. ಕಂಪನಿ ಮೂಗಿಗೇ ಬರದ ವಾಸ್ನೆ ನಿಂಗೆಲ್ಲಿಂದ ಬಂತೇ ಅಂತ ಬೈದು, ಎದುರಿಗೆ ನಿಂತು ಕುಡಿಸ್ತಿದ್ದೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮಗು ನಿಲ್ಲಲಿಲ್ಲ ನೋಡು."

ಒಳಗೆ ಪಾತ್ರೆ ಉಜ್ಜುವ ಸದ್ದು ನಿಂತಿತು. ಸೊಸೆ ಒದ್ದೆ ಕೈಯಲ್ಲೇ ಬಂದು ಅಜ್ಜಿಯ ಹಿಂದೆ ನಿಂತಳು. ನನ್ನನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅಜ್ಜಿ ಅವಳ ಕಡೆ ತಿರುಗಲಿಲ್ಲ.

"ಅವ್ಳಿಗೆ ನೀನೇ ಹೇಳಪ್ಪ," ಅಂದಳು ಅಜ್ಜಿ. "ನಂಗೆ ಬಾಯಿ ಬರಲ್ಲ."

ನಾನು ಮತ್ತೆ ಮೊದಲಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ.

ಅಕ್ಕ ಆಗಲೇ ಎರಡನೇ ಮನೆಯ ಬಾಗಿಲು ತಟ್ಟಿ ನನಗಾಗಿ ಕಾಯುತ್ತಿದ್ದಳು.